ಶಾರ್ಜಾದಿಂದ ಬಂದ ಕೀಬೋರ್ಡು

ಸಜ್ನಾಳ ಗಂಡ ಶಮೀರ್ ಆ ಸಲ ರಜೆಯಲ್ಲಿ ಊರಿಗೆ ಬಂದಾಗ, ಗಲ್ಫಿನಿಂದ ಬರುವವರೆಲ್ಲ ತರುವ ಕಂಬಳಿ, ಹಾಲಿನ ಪುಡಿ, ಸೆಂಟಿನ ಬಾಟ್ಲಿಗಳ ಜತೆಗೆ ಒಂದು ಕಂಪ್ಯೂಟರನ್ನೂ ತಂದಿದ್ದ. ಅವನು ಲೆಕ್ಕ ನೋಡಿಕೊಳ್ಳುತ್ತಿದ್ದ ಶಾರ್ಜಾದ ಕಚೇರಿಗೆ ಹೊಸ ಯಂತ್ರಗಳು ಬಂದಿದ್ದವು; ಹಳೆಯವನ್ನು ಬೇಕಾದವರು ಒಯ್ಯಬಹುದು ಎಂದಿದ್ದರಂತೆ. ಬಜ್ಪೆ ವಿಮಾನ ನಿಲ್ದಾಣದಿಂದ ಬಂಟ್ವಾಳದ ತನಕ ಉಳಿದ ರಟ್ಟಿನ ಪೆಟ್ಟಿಗೆಗಳೆಲ್ಲ ವ್ಯಾನಿನ ತಲೆಯ ಮೇಲೆ ಕುಳಿತು ಬಂದರೆ, ಕಂಬಳಿಯಲ್ಲಿ ಸುತ್ತಿದ ಆ ಡಬ್ಬ ಮಾತ್ರ ಶಮೀರನ ತೊಡೆಯ ಮೇಲೆ ಕುಳಿತು ಬಂತು. ಮಾನಿಟರನ್ನು ಮಂಗಳೂರಿನಲ್ಲೇ ಕೊಂಡ. ಅದು ಎರಡು ಸಾವಿರದ ಐದನೆಯ ಇಸವಿ. ಬಂಟ್ವಾಳ ಪೇಟೆಯ ಒಳರಸ್ತೆಯಲ್ಲಿದ್ದ ಅವರ ಹಂಚಿನ ಮನೆಯ ಜಗಲಿಗೆ ಆ ಸಂಜೆ ನೆರೆಹೊರೆಯವರೆಲ್ಲ ಬಂದು, ಮದುಮಗಳನ್ನು ನೋಡುವ ಹಾಗೆ ಕಂಪ್ಯೂಟರನ್ನು ನೋಡಿ ಹೋದರು.

ಅಂದು ಯಾರಿಗೂ ಹೊಳೆಯದಿದ್ದ ಒಂದು ಸಂಗತಿಯೆಂದರೆ, ಆ ಮನೆಯವರಲ್ಲಿ ಕಂಪ್ಯೂಟರನ್ನು ಮೊದಲು ಮುಟ್ಟಿದ್ದು ಶಮೀರನಲ್ಲ, ಸಜ್ನಾ.

ಸಜ್ನಾ ಹುಟ್ಟಿ ಬೆಳೆದದ್ದು ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಲಾಯಿಲದಲ್ಲಿ. ತಂದೆ ಅಬ್ದುಲ್ ಸಮದ್ ಅವರದ್ದು ಬಸ್ಸು ನಿಲ್ಲುವಲ್ಲಿ ಒಂದು ಚಪ್ಪಲಿ ಅಂಗಡಿ. ಪಿಯುಸಿ ಮುಗಿದ ಮೇಲೆ ಹುಡುಗಿಗೆ ಸಂಬಂಧ ಕೂಡಿ ಬರುವ ತನಕ ಮನೆಯಲ್ಲಿ ಸುಮ್ಮನೆ ಕೂತು ಏನು ಮಾಡುವುದೆಂದು ಅವರೇ ಅವಳನ್ನು ಮೂಡುಬಿದಿರೆಗೆ ಕಂಪ್ಯೂಟರ್ ಕಲಿಯಲು ಕಳುಹಿಸಿದರು. ಹತ್ತಿರದ ಪುತ್ತಿಗೆಯಲ್ಲಿ ಚಿಕ್ಕಮ್ಮನ ಮನೆಯಿತ್ತು. ಅಲ್ಲಿ ನಿಂತು, ದಿನಾ ಬೆಳಿಗ್ಗೆ ಬಸ್ಸು ಹತ್ತಿ ಪೇಟೆಗೆ ಬಂದು, ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿದ್ದ ಕಾಂತಿ ಮೇಡಂ ಅವರ ತರಗತಿಯಲ್ಲಿ ಕೂರುತ್ತಿದ್ದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಧೂಳು ಬಾರದ ಹಾಗೆ ಕಿಟಕಿಗಳಿಗೆ ದಪ್ಪ ಪರದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮಿನುಗುವ ಯಂತ್ರಗಳು. ಒಂದೊಂದರ ಎದುರು ಇಬ್ಬಿಬ್ಬರು ಹುಡುಗಿಯರು. ಒಬ್ಬಳು ಒತ್ತುವಾಗ ಇನ್ನೊಬ್ಬಳು ನೋಡಬೇಕು.

ಕಾಂತಿ ಮೇಡಂ ಉಳಿದ ಟೀಚರುಗಳ ಹಾಗಿರಲಿಲ್ಲ. ಯಂತ್ರ ನಿಂತುಹೋದರೆ ಬೈಯುತ್ತಿರಲಿಲ್ಲ. "ಏನು ಮಾಡಿದಿ ಅಂತ ನೆನಪುಂಟಾ? ನೆನಪಿದ್ದರೆ ಸರಿ ಮಾಡುವ," ಎಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ಆ ಒಂದು ವರ್ಷ ಸಜ್ನಾಳ ಪಾಲಿಗೆ ಬೇರೆಯೇ ಒಂದು ಕಾಲ. ಸಂಜೆ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಅಂದು ಕಲಿತ ಆಜ್ಞೆಗಳನ್ನು ತುಟಿಯಲ್ಲೇ ಪಠಿಸಿಕೊಂಡು ಹೋಗುತ್ತಿದ್ದದ್ದು ಅವಳಿಗೆ ಎಷ್ಟೋ ವರ್ಷದ ಮೇಲೂ ಹಾಗೆಯೇ ನೆನಪಿತ್ತು. ಮರುವರ್ಷ ಮದುವೆಯಾಯಿತು. ಸರ್ಟಿಫಿಕೇಟು ಸೀರೆಗಳ ಅಡಿಗೆ ಹೋಯಿತು. ಬಂಟ್ವಾಳದ ಮನೆಯಲ್ಲಿ ಅತ್ತೆ ಆಸ್ಯಮ್ಮ, ಸೊಸೆ ಸಜ್ನಾ, ಮತ್ತೆ ಹುಟ್ಟಿದ ಮಗಳು ಶಹಲಾ, ಇಷ್ಟೇ ಜನ. ಮಾವ ಬಹಳ ಹಿಂದೆಯೇ ತೀರಿಹೋಗಿದ್ದರು. ಶಮೀರ್ ಎರಡು ವರ್ಷಕ್ಕೊಮ್ಮೆ ಬರುವ ಅತಿಥಿ. ಸೊಸೆಗೆ ಕಂಪ್ಯೂಟರ್ ಬರುತ್ತದೋ ಎಂದು ಕೇಳುವ ಸಂದರ್ಭವೇ ಆ ಮನೆಯಲ್ಲಿ ಬರಲಿಲ್ಲ.

ಹಾಗಾಗಿ ಶಮೀರ್ ತಂದ ಡಬ್ಬಕ್ಕೆ ತಂತಿಗಳನ್ನು ಅವಳೇ ಸಿಕ್ಕಿಸಿ ಗುಂಡಿ ಒತ್ತಿದಾಗ ಅವನು ಬೆರಗಾಗಿ ನಿಂತ.

"ನಿನಗೆ ಇದೆಲ್ಲ ಗೊತ್ತುಂಟಾ?"

"ಸ್ವಲ್ಪ," ಎಂದಳು ಅವಳು. ಅವಳಿಗೆ ಅಷ್ಟು ಹೇಳುವುದಕ್ಕೇ ನಾಚಿಕೆಯಾಯಿತು.

ಶಮೀರ್ ವಾಪಸು ಹೋದ ಮೇಲೆ ಕಂಪ್ಯೂಟರು ಮೆಲ್ಲನೆ ಕಾಯಿಲೆ ಬಿದ್ದಿತು. ಕಚೇರಿಯಲ್ಲಿದ್ದಾಗಲೇ ಅದರೊಳಗೆ ವೈರಸ್ ಸೇರಿತ್ತೋ, ಯಾರೋ ಕೊಟ್ಟ ಹಾಡಿನ ಸಿಡಿಯಿಂದ ಬಂತೋ, ದೇವರಿಗೇ ಗೊತ್ತು. ಏನು ತೆರೆದರೂ ಹತ್ತು ಕಿಟಕಿ ತಾನಾಗಿ ತೆರೆಯುತ್ತಿತ್ತು. ಕೊನೆಗೊಂದು ದಿನ ನೀಲಿ ಪರದೆ ತೋರಿಸಿ ಅಲ್ಲೇ ನಿಂತಿತು.

"ಅಂಗಡಿಗೆ ಕೊಡು. ಅವರು ಸರಿ ಮಾಡಿ ಕೊಡ್ತಾರೆ," ಎಂದ ಶಮೀರ್ ಫೋನಿನಲ್ಲಿ.

"ನಾನೊಮ್ಮೆ ನೋಡ್ತೇನೆ," ಎಂದಳು ಸಜ್ನಾ. ಅಂಗಡಿಗೆ ಕೊಟ್ಟರೆ ಅದು ತನ್ನ ಕೈ ತಪ್ಪಿಹೋಗುತ್ತದೆಂದು ಏಕೋ ಅನ್ನಿಸಿತ್ತು.

ಮರುವಾರ ಶಹಲಾಳನ್ನು ಕಂಕುಳಲ್ಲಿ ಎತ್ತಿಕೊಂಡು ಅವಳು ಮೂಡುಬಿದಿರೆಯ ಬಸ್ಸು ಹತ್ತಿದಳು. ಬಟ್ಟೆ ಅಂಗಡಿಯ ಬೋರ್ಡು ಬದಲಾಗಿತ್ತು. ಮಾಳಿಗೆಯ ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ರಾಶಿ ಹಾಗೆಯೇ ಇತ್ತು. ಕಾಂತಿ ಮೇಡಂ ಅವರ ಕೂದಲು ಕಿವಿಯ ಬಳಿ ಬೆಳ್ಳಗಾಗಿತ್ತು.

"ಎಂತ ಮಾರಾಯ್ತಿ ಸಜ್ನಾ, ಮದುವೆಯಾದ ಮೇಲೆ ಈ ಕಡೆಗೆ ಬರಲೇ ಇಲ್ಲ ನೀನು," ಎಂದು ಮಗುವನ್ನು ಎತ್ತಿಕೊಂಡರು. ಯಂತ್ರದ ಕಥೆಯನ್ನೆಲ್ಲ ಕೇಳಿ, ಮೇಜಿನ ಖಾನೆಯಿಂದ ಒಂದು ಸಿಡಿ ತೆಗೆದು ಅವಳ ಕೈಗಿಟ್ಟರು. "ಇದು ಲಿನಕ್ಸ್. ಹಳೆಯದನ್ನು ಪೂರ್ತಿ ತೆಗೆದು ಇದನ್ನು ಹಾಕು. ಇದಕ್ಕೆ ದುಡ್ಡು ಕೊಡ್ಲಿಕ್ಕಿಲ್ಲ. ಕಾಪಿ ಮಾಡಿ ಯಾರಿಗೆ ಬೇಕಾದರೂ ಕೊಡು."

"ಅದು ಕಳ್ಳತನ ಅಲ್ವಾ ಮೇಡಂ?"

"ಅಲ್ಲ. ಕೊಡ್ಲಿಕ್ಕೆಂದೇ ಮಾಡಿದ್ದು. ಎಲ್ಲೆಲ್ಲಿಯವರೋ ಸೇರಿ ಮಾಡಿದ್ದಾರೆ. ಒಳಗೆ ಹೇಗೆ ಉಂಟು ಅಂತ ಬಿಚ್ಚಿ ನೋಡಿದರೂ ಯಾರೂ ಬೇಡ ಅನ್ನುವುದಿಲ್ಲ." ಆಮೇಲೆ ಸ್ವಲ್ಪ ಯೋಚಿಸಿ ಹೇಳಿದರು: "ಹಾಕುವುದು ಸುಲಭ. ಹಾಕಿದ ಮೇಲೆ ಉಂಟು ನೋಡು ಕೆಲಸ. ಅಕ್ಷರ ಸರಿ ಇರುವುದಿಲ್ಲ, ಶಬ್ದ ಬರುವುದಿಲ್ಲ, ಒಂದೊಂದೇ ಜೋಡಿಸಿಕೊಳ್ಳಬೇಕು. ಹೊಸ ಮನೆಗೆ ಹೋದ ಹಾಗೆ. ಯಾವ ಫೈಲು ತಿದ್ದುವುದಾದರೂ ಮೊದಲು ಅದರದ್ದೊಂದು ಪ್ರತಿ ತೆಗೆದಿಟ್ಟುಕೋ. ಅಷ್ಟು ಮಾಡಿದರೆ ಹೆದರ್ಲಿಕ್ಕೆ ಏನೂ ಇಲ್ಲ."

ಲಿನಕ್ಸ್ ಹಾಕಲು ಶುಕ್ರವಾರ ಬೇಡವೆಂದು ಆಸ್ಯಮ್ಮ ಹೇಳಿದ್ದರಿಂದ ಶನಿವಾರ ಬೆಳಿಗ್ಗೆ ಸಜ್ನಾ ಸಿಡಿಯನ್ನು ಯಂತ್ರಕ್ಕೆ ತೂರಿದಳು. ಅದು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಳು. ಹಳೆಯದನ್ನೆಲ್ಲ ಅಳಿಸಬಹುದೇ ಎಂದು ಕೇಳಿದಾಗ ಮಾತ್ರ ಬೆರಳು ಒಂದು ಗಳಿಗೆ ತಡೆಯಿತು. ಒತ್ತಿದಳು. ಪರದೆಯ ಮೇಲೊಂದು ಕಂದು ಗೆರೆ ಎಡದಿಂದ ಬಲಕ್ಕೆ ತೆವಳತೊಡಗಿತು. ಒಲೆಯ ಮೇಲೆ ಕುಚ್ಚಲಕ್ಕಿ ಬೇಯುತ್ತಿತ್ತು.

"ಮಾಮಿ, ಆ ಗೆರೆಯನ್ನು ಸ್ವಲ್ಪ ನೋಡ್ತಾ ಇರಿ. ಬಲಬದಿಗೆ ಮುಟ್ಟಿದರೆ ನನ್ನನ್ನು ಕರೀರಿ," ಎಂದು ಅವಳು ಒಳಗೆ ಹೋದಳು.

ಆಸ್ಯಮ್ಮ ಅಡಕೆ ಕತ್ತರಿ ಹಿಡಿದು ಪರದೆಯ ಎದುರು ಕೂತರು. ಹಾಲು ಉಕ್ಕುವುದನ್ನು ಕಾಯುವ ಹಾಗೆ ಕಾದರು. ಗೆರೆ ಮುಕ್ಕಾಲು ದಾರಿ ಹೋಗಿರುವಾಗ ಕರೆಂಟು ಹೋಯಿತು.

"ಸಜ್ನಾ, ನಾನು ಏನೂ ಮುಟ್ಟಲಿಲ್ಲ," ಎಂದರು ಅವರು ಕತ್ತಲಾದ ಪರದೆಯನ್ನೇ ನೋಡುತ್ತ.

ಮಾರನೆಯ ದಿನ ಮತ್ತೆ ಮೊದಲಿನಿಂದ ಶುರು. ಅಂದು ಗೆರೆ ಬಲಬದಿ ಮುಟ್ಟಿತು. ಯಂತ್ರ ಒಮ್ಮೆ ನಿಂತು ಮತ್ತೆ ಎದ್ದು, ಹೆಸರು ಕೇಳಿ, ಗುಟ್ಟಿನ ಪದ ಕೇಳಿ, ಬಾಗಿಲು ತೆರೆಯಿತು.

ಕಾಂತಿ ಮೇಡಂ ಹೇಳಿದ್ದು ನಿಜವಾಯಿತು. ಚಿತ್ರಗಳೆಲ್ಲ ದೋಸೆಯಷ್ಟು ದೊಡ್ಡವು. ಅರ್ಧ ಕಿಟಕಿ ಪರದೆಯ ಹೊರಗೆ. ಸಜ್ನಾಳ ಮುಂದಿನ ಕೆಲವು ವಾರಗಳು ಅದನ್ನು ಸರಿಪಡಿಸುವುದರಲ್ಲೇ ಕಳೆದವು. ಬೆಳಗಿನ ಕೆಲಸ ಮುಗಿದು, ಶಹಲಾ ಮಲಗಿದ ಮೇಲೆ ಊಟದ ತನಕ ಸಿಗುವ ಹೊತ್ತು ಅವಳದ್ದು. ಮಾನಿಟರಿನ ಅಳತೆ ತಿದ್ದಲು ಕಪ್ಪು ಪರದೆಯೊಂದನ್ನು ತೆರೆಯಬೇಕಿತ್ತು. ಅದು ತೆರೆದು ಬಿಳಿ ಅಕ್ಷರ ಮಿನುಗಿದಾಗ ಅವಳಿಗೆ ಮೂಡುಬಿದಿರೆಯ ಮಾಳಿಗೆ, ಪರದೆ ಕಟ್ಟಿದ ಕಿಟಕಿ, ಪಕ್ಕದಲ್ಲಿ ಕೂರುತ್ತಿದ್ದ ಶಿರ್ತಾಡಿಯ ರಾಜೀವಿ ಹಚ್ಚುತ್ತಿದ್ದ ತೆಂಗಿನೆಣ್ಣೆಯ ಪರಿಮಳ ಎಲ್ಲ ಒಟ್ಟಿಗೆ ನೆನಪಾದವು. ಬೆರಳುಗಳು ತಾವಾಗಿ ಓಡಿದವು. ಸಂಖ್ಯೆಯೊಂದನ್ನು ತಪ್ಪು ಬರೆದು ಪರದೆ ಪೂರ್ತಿ ಕಪ್ಪಾಗಿ ಕೂತದ್ದೂ ಆಯಿತು. ಆದರೆ ಅವಳು ಪ್ರತಿ ತೆಗೆದಿಟ್ಟಿದ್ದಳು. ಅದನ್ನು ಮರಳಿ ಹಾಕಿ, ಪುನಃ ತಿದ್ದಿ, ಮೂರನೆಯ ಸಲಕ್ಕೆ ಚಿತ್ರ ನೆಟ್ಟಗೆ ಬಂದು ನಿಂತಾಗ ಅವಳು ಎದ್ದು ಹೋಗಿ ಒಂದು ಲೋಟ ಚಾ ಮಾಡಿ, ಅದರ ಎದುರೇ ಕೂತು ಕುಡಿದಳು.

ಶಬ್ದ ಬರಲು ಇನ್ನೊಂದು ವಾರ ಹಿಡಿಯಿತು. ಎಲ್ಲವೂ ಸರಿಯಿದ್ದೂ ಸದ್ದಿಲ್ಲ. ಒಳಗೆಲ್ಲೋ ಒಂದು ಕಡೆ ಬಾಯಿ ಮುಚ್ಚಿಸಿ ಇಟ್ಟಿದ್ದರು. ಆ ಗುರುತನ್ನು ತೆಗೆದದ್ದೇ ತಡ, ಯಂತ್ರ ತೆರೆಯುವಾಗ ಡಬಡಬ ಎಂದು ಚರ್ಮವಾದ್ಯದ ಸದ್ದು ಬಂತು. "ಯಾರು ದಫ್ ಬಡಿಯುವುದು?" ಎಂದು ಆಸ್ಯಮ್ಮ ಅಂಗಳದಿಂದ ಕೇಳಿದರು. ಗಡಿಯಾರವೂ ತಪ್ಪಿತ್ತು. ಅದು ಶಾರ್ಜಾದ ಹೊತ್ತನ್ನೇ ತೋರಿಸುತ್ತಿತ್ತು, ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಸಜ್ನಾ ಊರಿನ ಹೊತ್ತನ್ನು ಸರಿಮಾಡಿ, ಆದರೆ ಹಳೆಯದನ್ನು ತೆಗೆಯಲು ಮನಸ್ಸಾಗದೆ, ಪಕ್ಕದಲ್ಲೇ ಎರಡನೆಯ ಗಡಿಯಾರವಾಗಿ ಉಳಿಸಿಕೊಂಡಳು. ಅವನು ಈಗ ಎದ್ದಿರಬೇಕು, ಈಗ ಊಟಕ್ಕೆ ಕೂತಿರಬೇಕು ಎಂದು ಕೆಲಸದ ನಡುವೆ ಕಣ್ಣು ಅತ್ತ ಹೋಗುತ್ತಿತ್ತು.

ಇಷ್ಟೆಲ್ಲ ನಡೆಯುವಾಗ ಆಸ್ಯಮ್ಮ ದಿನಾ ಬೆಳಿಗ್ಗೆ ಮೇಜು ಒರೆಸಲು ಬರುತ್ತಿದ್ದರು. ಮನೆಯ ಯಾವ ವಸ್ತುವಿನ ಮೇಲೂ ಧೂಳು ಕೂರಬಾರದು, ಅದು ಅವರ ನಿಯಮ. ಒಂದು ದಿನ ಕೀಬೋರ್ಡನ್ನು ಒರೆಸುತ್ತ ಒರೆಸುತ್ತ ಅವರ ಕೈ ನಿಧಾನವಾಯಿತು.

"ಶೀನ್... ಸೀನ್... ಯಾ... ಬಾ... ಲಾಮ್..."

ಅಡುಗೆಮನೆಯಿಂದ ಬಂದ ಸಜ್ನಾ ಬಾಗಿಲಲ್ಲೇ ನಿಂತಳು. ಶಾರ್ಜಾದ ಕೀಬೋರ್ಡಾದ್ದರಿಂದ ಅದರ ಪ್ರತಿ ಗುಂಡಿಯ ಮೇಲೂ ಇಂಗ್ಲಿಷ್ ಅಕ್ಷರದ ಜತೆ ಅರಬಿ ಅಕ್ಷರವೂ ಇತ್ತು. ದಿನಾ ಬಳಸುತ್ತಿದ್ದ ಸಜ್ನಾ ಅವನ್ನು ಕಂಡೂ ಕಾಣದವಳಾಗಿದ್ದಳು.

"ಅಲಿಫ್ ಇಲ್ಲಿ ಉಂಟು, ತಾ ಅದರ ಹತ್ತಿರ. ಸಾ ಎಲ್ಲಿಗೆ ಹೋಯಿತು?" ಆಸ್ಯಮ್ಮ ಹುಡುಕಿದರು. "ಮೇಲೆ ಉಂಟು. ಇದನ್ನು ಹೀಗೆ ಹರಡಿ ಹಾಕಿದ್ದು ಯಾರು ಮಗಳೇ? ಮದರಸದ ಮಕ್ಕಳಿಗೆ ಕೊಟ್ಟರೆ ಉಸ್ತಾದರ ಪೆಟ್ಟು ತಿಂದಾರು."

ಆಸ್ಯಮ್ಮ ಶಾಲೆಗೆ ಹೋದವರಲ್ಲ. ಕನ್ನಡ ಅಕ್ಷರ ಅವರಿಗೆ ತಿಳಿಯದು. ಬಸ್ಸುಗಳನ್ನು ಬಣ್ಣದಿಂದ ಗುರುತಿಸುತ್ತಿದ್ದರು. ಚಿಕ್ಕಂದಿನಲ್ಲಿ ಮದರಸದಲ್ಲಿ ಕುರ್‌ಆನ್ ಓದಲು ಕಲಿತದ್ದೇ ಅವರ ಓದು. ಗಂಡ ಮುಂಬಯಿಯ ಬಂದರಿನಲ್ಲಿ ದುಡಿಯುತ್ತಿದ್ದ ಕಾಲಕ್ಕೆ ಕಾಗದ ಬರೆಯಬೇಕೆಂದರೆ ಓಣಿಯ ಕೊನೆಯ ಮಾಸ್ತರರ ಮನೆಗೆ ಹೋಗಬೇಕಿತ್ತು. ಆಸ್ಯಮ್ಮ ಮನೆಮಾತಾದ ಬ್ಯಾರಿಯಲ್ಲಿ ಹೇಳುವುದು, ಮಾಸ್ತರರು ಕನ್ನಡದಲ್ಲಿ ಬರೆಯುವುದು. ಇವರು ಎಷ್ಟು ಹೇಳಿದರೂ ಅಲ್ಲಿ ಬರುತ್ತಿದ್ದದ್ದು "ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು" ಎಂಬ ನಾಲ್ಕು ಸಾಲು. ಮತ್ತೆ ಶಮೀರ್ ಗಲ್ಫಿಗೆ ಹೋದ ಹೊಸತರಲ್ಲಿ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳುಹಿಸುವ ರೂಢಿ ಬಂತು. ಟೇಪ್ ರೆಕಾರ್ಡರಿನ ಎದುರು ಕೂರಿಸಿದರೆ ಆಸ್ಯಮ್ಮನಿಗೆ ನಾಲಿಗೆಯೇ ಏಳುತ್ತಿರಲಿಲ್ಲ. ಕ್ಯಾಸೆಟ್ಟಿನ ಒಂದು ಬದಿ ಪೂರ್ತಿ ಕಾಗೆಯ ಕೂಗು ಮತ್ತು ಅವರ ಕೆಮ್ಮು. ಫೋನು ಬಂದ ಮೇಲೂ ಅಷ್ಟೇ. ಸುತ್ತ ನಿಂತವರೆಲ್ಲ ಕೇಳುತ್ತಿರುವಾಗ, ಆ ಕಡೆ ಕಾರ್ಡಿನ ದುಡ್ಡು ಕರಗುತ್ತಿರುವಾಗ, "ಊಟ ಆಯಿತಾ, ಹುಷಾರಲ್ಲಿ ಇರು," ಎಂದು ರಿಸೀವರನ್ನು ಸೊಸೆಗೆ ದಾಟಿಸಿಬಿಡುತ್ತಿದ್ದರು.

ಸಜ್ನಾ ಕುರ್ಚಿಯಲ್ಲಿ ಕೂತಳು. ಲಿನಕ್ಸಿನಲ್ಲಿ ಕೀಬೋರ್ಡಿನ ಭಾಷೆ ಸೇರಿಸುವ ಜಾಗ ಅವಳಿಗೆ ಈಗಾಗಲೇ ಗೊತ್ತಿತ್ತು. ಉದ್ದ ಪಟ್ಟಿಯಲ್ಲಿ ಅರಬಿಯನ್ನು ಹುಡುಕಿ ಸೇರಿಸಿದಳು. ಖಾಲಿ ಪುಟವೊಂದನ್ನು ತೆರೆದು, ಅಕ್ಷರಗಳನ್ನು ದಪ್ಪ ಮಾಡಿದಳು.

"ಮಾಮಿ, ಶೀನ್ ಒತ್ತಿ ನೋಡಿ."

"ನಾನಾ? ಹಾಳಾದರೆ?"

"ಹಾಳಾದರೆ ಸರಿ ಮಾಡುವ."

ಆಸ್ಯಮ್ಮ ತೋರುಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದರು. ಪುಟದ ಬಲತುದಿಯಲ್ಲಿ ಶೀನ್ ಮೂಡಿತು. ಮೂರು ಚುಕ್ಕಿಗಳೂ ತಲೆಯ ಮೇಲೆ ಸರಿಯಾಗಿದ್ದವು. ಅವರು ಕೈ ಹಿಂದೆಗೆದುಕೊಂಡು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಅದನ್ನು ಅಳಿಸಲು ಹೇಳಿದರು. ಮೊದಲ ಬರಹ ಹಾಗೆ ಬೇಡವಂತೆ. ಒಂದೊಂದೇ ಗುಂಡಿ ಹುಡುಕಿ, ದೇವರ ಹೆಸರಿನಿಂದ ಶುರುಮಾಡುವ "ಬಿಸ್ಮಿ" ಎಂದು ಬರೆದರು. ಅಕ್ಷರಗಳು ಒಂದಕ್ಕೊಂದು ತಾವಾಗಿ ಕೈ ಹಿಡಿದುಕೊಂಡು ಬಲದಿಂದ ಎಡಕ್ಕೆ ಸಾಗಿದವು. ಸಜ್ನಾಳಿಗೆ ಅದೊಂದು ಆಶ್ಚರ್ಯ. ಆಸ್ಯಮ್ಮನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅಕ್ಷರ ಮತ್ತೆ ಯಾವ ಕಡೆಯಿಂದ ಹೋಗಬೇಕು?

ಅಲ್ಲಿಂದ ಮುಂದೆ ಊಟವಾದ ಮೇಲಿನ ಹೊತ್ತು ಅತ್ತೆಯದಾಯಿತು. ಅರಬಿ ಅಕ್ಷರಗಳಲ್ಲಿ ಅವರು ಬರೆಯತೊಡಗಿದ್ದು ಮನೆಯ ಮಾತನ್ನೇ, ಬ್ಯಾರಿಯನ್ನು. ಕೆಲವು ಸದ್ದುಗಳಿಗೆ ಅರಬಿಯಲ್ಲಿ ಅಕ್ಷರವಿಲ್ಲ.

"ಪ ಎಲ್ಲಿಂದ ತರುವುದು?" ಎಂದು ಕೇಳಿದರು.

"ಇಲ್ವಲ್ಲ ಮಾಮಿ."

"ಹಾಗಾದರೆ ಬಾ ಹಾಕುವ. ಅವನಿಗೆ ಗೊತ್ತಾದೀತು. ನನ್ನ ಮಗನಲ್ವಾ."

ಚ ಬೇಕಾದಲ್ಲಿ ಜೀಮ್ ಕೂತಿತು. ಒಂದು ಸಾಲು ಮುಗಿಯಲು ಮಸೀದಿಯಲ್ಲಿ ಇಳಿಹಗಲಿನ ಅಸರ್ ಬಾಂಗಿನ ಹೊತ್ತಾಗುತ್ತಿತ್ತು. ಪುಟ ತುಂಬುತ್ತ ಬಂದ ಹಾಗೆ ಅವರು ಸೊಸೆಯನ್ನು ಕೋಣೆಯಿಂದ ಕಳುಹಿಸತೊಡಗಿದರು. ಸಜ್ನಾಳೂ ಮದರಸಕ್ಕೆ ಹೋದವಳು. ಅವಳಿಗೂ ಆ ಅಕ್ಷರ ಬರುತ್ತದೆಂದು ಆಸ್ಯಮ್ಮನಿಗೆ ಗೊತ್ತಿತ್ತು.

"ನೀನು ಓದಬೇಡ ಆಯ್ತಾ."

"ಇಲ್ಲ ಮಾಮಿ."

"ಉಳಿಸುವುದು ಹೇಗೆಂದು ಮಾತ್ರ ಹೇಳಿಕೊಡು."

ಉಳಿಸುವುದನ್ನು ಸಜ್ನಾ ಕಲಿಸಿಕೊಟ್ಟಳು. ಓದಲಿಲ್ಲ. ಓದಬೇಕೆಂದು ಆಸೆಯಾಗಲಿಲ್ಲವೆಂದಲ್ಲ.

ಬರೆದದ್ದನ್ನು ಕಳುಹಿಸುವುದಕ್ಕೆ ಇಂಟರ್ನೆಟ್ ಬೇಕಲ್ಲ. ಆ ವರ್ಷ ಬಂಟ್ವಾಳದಲ್ಲಿ ಫೋನಿನ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಕೊಡಲು ಶುರುಮಾಡಿದ್ದರು. ಅರ್ಜಿ ಕೊಟ್ಟು ಕಾದ ಮೇಲೆ ಒಂದು ಬೆಳಿಗ್ಗೆ ಟೆಲಿಫೋನ್ ಕಚೇರಿಯ ಚಿನ್ನಯ್ಯ ಎಂಬವರು ಮೋಡೆಮ್ಮಿನ ಪೆಟ್ಟಿಗೆಯೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದರು. ಪರದೆ ನೋಡಿ ತಲೆ ಕೆರೆದುಕೊಂಡರು.

"ಇದು ಬೇರೆಯೇ ಅಲ್ವಾ ಅಕ್ಕ? ನಮಗೆ ತೋರಿಸಿಕೊಟ್ಟದ್ದು ಇದರಲ್ಲಲ್ಲ."

"ನಿಮ್ಮ ಕಾಗದದಲ್ಲಿ ಎಂತ ಬರೆದದ್ದುಂಟು ಅದನ್ನು ಹೇಳಿ. ಎಲ್ಲಿ ಹಾಕುವುದು ಅಂತ ನಾನು ಹುಡುಕ್ತೇನೆ."

ಚಿನ್ನಯ್ಯ ಓದಿ ಹೇಳಿದರು, ಸಜ್ನಾ ಹುಡುಕಿದಳು. ಎರಡು ಸಲ ದಾರಿ ತಪ್ಪಿತು. ಆಸ್ಯಮ್ಮ ಚಾ, ಅವಲಕ್ಕಿ ತಂದಿಟ್ಟರು. ಚಾ ಆರುವ ಮೊದಲೇ ಮೋಡೆಮ್ಮಿನ ಮೇಲಿನ ಕೊನೆಯ ದೀಪ ಹಸಿರಾಗಿ ನಿಂತಿತು. "ಬಂತು ಅಕ್ಕ," ಎಂದರು ಚಿನ್ನಯ್ಯ, ತಮ್ಮ ಮನೆಗೇ ಬಂದಷ್ಟು ಖುಷಿಯಲ್ಲಿ. ಎದ್ದು ಹೋಗುವ ಮುಂಚೆ ಆ ಸಿಡಿಯನ್ನು ಒಮ್ಮೆ ಕೊಡಬಹುದೇ ಎಂದು ಕೇಳಿದರು. ಸಜ್ನಾ ಕಾಪಿ ಮಾಡಿ ಕೊಟ್ಟಳು.

ಇಂಟರ್ನೆಟ್ ಬಂದ ಮೇಲೆ ಕನ್ನಡವನ್ನೂ ಸರಿಪಡಿಸಿಕೊಂಡಳು. ಅಲ್ಲಿಯ ತನಕ ತನ್ನ ಊರಿನ ಹೆಸರು ಬರೆದರೆ ಳ ಒಂದು ಕಡೆ, ತ ಒಂದು ಕಡೆ ಜಗಳಾಡಿದವರಂತೆ ನಿಲ್ಲುತ್ತಿದ್ದವು. ಬೇಕಾದ ಕಡತಗಳನ್ನು ಇಳಿಸಿಕೊಂಡು, ಯಂತ್ರವನ್ನೊಮ್ಮೆ ಮುಚ್ಚಿ ತೆರೆದಾಗ ತ ಮೆಲ್ಲನೆ ಳದ ಕಾಲಡಿಗೆ ಬಂದು ಕೂತು "ಬೆಳ್ತಂಗಡಿ" ಸರಿಯಾಯಿತು. ಆದರೆ ಅದೆಲ್ಲ ಅತ್ತೆಯ ಕಾಗದ ಹೋದ ಮೇಲಿನ ಮಾತು. ಮೊದಲು ಹೋದದ್ದು ಅದೇ.

ಎರಡು ದಿನ ಶಮೀರನಿಂದ ಸದ್ದಿಲ್ಲ. ಮೂರನೆಯ ದಿನ ಫೋನು ಬಂತು.

"ಅದನ್ನು ಬರೆದದ್ದು ಯಾರು?"

"ಮಾಮಿ."

"ಹೇಳಿದ್ದು ಉಮ್ಮ. ಬರೆದದ್ದು ಯಾರು ಅಂತ ನಾನು ಕೇಳಿದ್ದು."

"ಬರೆದದ್ದೂ ಅವರೇ. ನಾನು ಓದಲೂ ಇಲ್ಲ."

"ಅದರಲ್ಲಿ ದೊಡ್ಡ ವಿಷಯ ಏನೂ ಇಲ್ಲ ಸಜ್ನಾ. ಹಿತ್ತಿಲಿನ ನುಗ್ಗೆಮರ ಬಿದ್ದದ್ದು, ಶಹಲಾ ತನ್ನ ಚಪ್ಪಲಿಯನ್ನು ಬಾವಿಗೆ ಹಾಕಿದ್ದು, ಫೋಟೋದಲ್ಲಿ ನಾನು ತೋರ ಕಂಡದ್ದು. ಹೋಟೆಲಿನಲ್ಲಿ ತಿನ್ನಬೇಡ ಅಂತ ನಾಲ್ಕು ಸಲ ಬರೆದಿದ್ದಾರೆ. ಓದಿದರೆ ಉಮ್ಮ ಎದುರು ನಿಂತು ಬೈದ ಹಾಗೆಯೇ ಉಂಟು. ನಾನು ರೂಮಿನಲ್ಲಿ ಜೋರಾಗಿ ಓದಿದೆ. ಎಲ್ಲರೂ ಕೇಳಿದರು. ಹನೀಫಾ ಮತ್ತೊಮ್ಮೆ ಓದು ಅಂದ." ಹನೀಫಾ ಅವನ ಕೋಣೆಯ ಗೆಳೆಯ, ಅವನ ಮನೆಯೂ ಬಂಟ್ವಾಳದ ಕಡೆಯೇ.

ಶಮೀರನ ಉತ್ತರವೂ ಅದೇ ಅಕ್ಷರಗಳಲ್ಲಿ ಬಂತು. ಸಜ್ನಾ ಪುಟ ತೆರೆದುಕೊಟ್ಟು ಅಡುಗೆಮನೆಗೆ ಹೋಗಿ ಮೀನು ಕತ್ತರಿಸತೊಡಗಿದಳು. ಒಳಗಿನಿಂದ ಆಸ್ಯಮ್ಮ ಓದುವುದು ಕೇಳಿಸಿತು. ಆ ಅಕ್ಷರಗಳನ್ನು ಅವರು ಬದುಕಿನಲ್ಲಿ ಓದಿದ್ದು ಒಂದೇ ರಾಗದಲ್ಲಿ, ಮದರಸದಲ್ಲಿ ಕಲಿತ ರಾಗದಲ್ಲಿ. ಬೇರೆ ರೀತಿ ಓದಲು ಅವರಿಗೆ ಬಾರದು. ಹಾಗಾಗಿ "ಇಲ್ಲಿ ಸೆಕೆ ಬಹಳ ಉಂಟು, ಎ.ಸಿ. ಹಾಳಾಗಿದೆ" ಎಂಬ ಮಗನ ಮಾತು ನಿಧಾನವಾಗಿ, ಎಳೆ ಎಳೆಯಾಗಿ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಕೇಳಿಸಿತು. ಸಜ್ನಾಳಿಗೆ ನಗು ಬಂತು. ನಗುತ್ತಿದ್ದ ಹಾಗೆಯೇ ಕಣ್ಣು ತುಂಬಿತು. ಕೈಯೆಲ್ಲ ಮೀನಾದ್ದರಿಂದ ಒರೆಸಿಕೊಳ್ಳಲಾಗದೆ ಹಾಗೆಯೇ ನಿಂತಳು.

ಸುದ್ದಿ ಓಣಿಯಲ್ಲಿ ಹರಡಲು ಹೊತ್ತು ಬೇಕಾಗಲಿಲ್ಲ. ಹನೀಫಾನ ತಾಯಿ ಮೊದಲು ಬಂದರು. ಅವರ ಹಿಂದೆ, ಗಲ್ಫಿನಲ್ಲಿ ಮಕ್ಕಳಿದ್ದ ಇನ್ನೂ ನಾಲ್ಕಾರು ಮಂದಿ. ಎಲ್ಲ ಆಸ್ಯಮ್ಮನ ವಾರಗೆಯವರು. ಊಟವಾದ ಮೇಲೆ ಬಿಳಿ ತಲೆವಸ್ತ್ರ ಹೊದ್ದು ಬಂದು, ಎಲೆ ಅಡಕೆಯ ತಟ್ಟೆಯ ಸುತ್ತ ಕೂರುವರು. ಒಬ್ಬೊಬ್ಬರೇ ಎದ್ದು ಹೋಗಿ ಕಂಪ್ಯೂಟರಿನ ಎದುರು ಕೂರುವರು. ಸಜ್ನಾ ಪ್ರತಿಯೊಬ್ಬರಿಗೂ ಲಿನಕ್ಸಿನಲ್ಲಿ ಅವರವರ ಹೆಸರು, ಗುಟ್ಟಿನ ಪದವಿಟ್ಟು ಬೇರೆ ಬೇರೆ ಬಾಗಿಲು ಮಾಡಿಕೊಟ್ಟಳು. ಒಬ್ಬರದ್ದು ಇನ್ನೊಬ್ಬರಿಗೆ ಕಾಣದ ಹಾಗೆ. ಹನೀಫಾನ ತಾಯಿ ತನ್ನ ಪರದೆಗೆ ಕೆಂಪು ದಾಸವಾಳ ಬೇಕೆಂದರು. ಇನ್ನೊಬ್ಬರು ಏನೂ ಬೇಡ, ಬರೀ ಹಸಿರು ಸಾಕೆಂದರು. ಯಾರಿಗಾದರೂ ಅಕ್ಷರ ಸಿಗದಿದ್ದರೆ ಆಸ್ಯಮ್ಮ ಕುಳಿತಲ್ಲಿಂದಲೇ ಹೇಳುವರು: "ಐನ್ ಮೇಲಿನ ಸಾಲಿನಲ್ಲಿ ಉಂಟು, ಗೈನಿನ ಹತ್ತಿರ. ಕನ್ನಡಕ ಹಾಕಿ ನೋಡು."

ಆ ಎರಡು ಮೂರು ವರ್ಷಗಳ ಮಧ್ಯಾಹ್ನಗಳನ್ನು ಸಜ್ನಾ ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದಾಳೆ. ಫೋನುಗಳು ಕಿಸೆಗೆ ಬಂದವು, ಮುಖ ನೋಡಿ ಮಾತಾಡುವುದೂ ಬಂತು. ಕಾಗದ ಬರೆಯಬೇಕಾದ ಅಗತ್ಯ ಯಾರಿಗೂ ಉಳಿಯಲಿಲ್ಲ. ಆದರೆ ಒಬ್ಬ ಹೆಂಗಸು ಒಳಗೆ ಕೂತು ಗುಂಡಿ ಹುಡುಕುತ್ತಿರುವಾಗ ಹೊರಗೆ ಜಗಲಿಯಲ್ಲಿ ಉಳಿದವರು ಮಾತು ತಗ್ಗಿಸಿ ಕಾಯುತ್ತಿದ್ದ ಆ ಮೌನ ಆಮೇಲೆ ಎಲ್ಲೂ ಕೇಳಿಸಲಿಲ್ಲ. ಹನೀಫಾನ ತಾಯಿ ತೀರಿಕೊಂಡಾಗ ಅವನು ಸಜ್ನಾಳಿಗೆ ಫೋನು ಮಾಡಿ, ಉಮ್ಮನ ಬಾಗಿಲನ್ನು ಮುಚ್ಚಬೇಡಿ ಅಕ್ಕ, ಹಾಗೇ ಇರಲಿ ಎಂದಿದ್ದ. ಅವಳು ಮುಚ್ಚಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಶಾರ್ಜಾದ ಆ ಕಚೇರಿ ಜನ ಕಡಿಮೆ ಮಾಡಿತು. ಶಮೀರ್ ಊರಿಗೇ ಬಂದ. ಬಿ.ಸಿ. ರೋಡಿನಲ್ಲಿ ಅಂಗಡಿಯೊಂದನ್ನು ಹಿಡಿಯುವ ಮಾತು ನಡೆಯಿತು. ಬಂದ ಮೊದಲ ವಾರ ಮನೆಯಲ್ಲಿ ಎಲ್ಲರಿಗೂ ಸಂತೋಷ, ಮತ್ತೆ ಸ್ವಲ್ಪ ಸಂಕೋಚ. ಅಷ್ಟು ವರ್ಷ ಬರಹದಲ್ಲಿ ಧಾರಾಳವಾಗಿ ಮಾತಾಡಿದ ತಾಯಿ ಮಗ ಈಗ ಎದುರುಬದುರು ಕೂತು "ಊಟ ಆಯಿತಾ," "ಆಯಿತು," ಎನ್ನುತ್ತಿದ್ದರು. ಸಜ್ನಾಳಿಗೆ ಅದನ್ನು ನೋಡಿ ಪಾಪ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಶಮೀರ್ ತನ್ನ ಲ್ಯಾಪ್‌ಟಾಪಿನಲ್ಲಿ ಏನೋ ನೋಡುತ್ತಿದ್ದವನು ಎದ್ದು ಬಂದು ಸಜ್ನಾಳಿಗೆ ತೋರಿಸಿದ. ತಾಯಿಯಿಂದ ಮಿಂಚಂಚೆ. ಆಸ್ಯಮ್ಮ ಗೋಡೆಯ ಆ ಬದಿಯ ಕೋಣೆಯಲ್ಲೇ ಇದ್ದರು.

"ಉಮ್ಮ," ಎಂದು ಅವನು ಬಾಗಿಲಿಗೆ ಹೋಗಿ ಹೇಳಿದ, "ನಾನು ಇಲ್ಲೇ ಇದ್ದೇನಲ್ಲ. ಬಾಯಲ್ಲಿ ಹೇಳಬಾರದಾ?"

ಆಸ್ಯಮ್ಮ ಪರದೆಯಿಂದ ಕಣ್ಣೆತ್ತಲಿಲ್ಲ. "ಬಾಯಲ್ಲಿ ಹೇಳಿದ್ದು ನೀನು ಕೇಳುವುದಿಲ್ಲ. ಓದು."

ಅವನು ಅಲ್ಲೇ ನಿಂತು ಓದಿದ. ಅಂಗಡಿ ಸಿಗದಿದ್ದರೆ ಚಿಂತೆ ಮಾಡಬೇಡ, ಬಂದದ್ದು ಒಳ್ಳೆಯದಾಯಿತು ಎಂದಿತ್ತು. ಕೆಳಗೆ, ಇವತ್ತು ಮಾರ್ಕೆಟಿಗೆ ಹೋದರೆ ಬಂಗುಡೆ ಮೀನು ತರಬೇಕೆಂದಿತ್ತು. ಶಮೀರ್ ಗೋಡೆಯ ಮೊಳೆಯಿಂದ ಚೀಲ ತೆಗೆದುಕೊಂಡು ಹೊರಟ.

ಅಂದು ಬಂಗುಡೆ ಸಿಗಲಿಲ್ಲ. ಬೂತಾಯಿ ತಂದ.